ಊಟದ ಹೊತ್ತಿಗೆ ಬಿಚ್ಚಿದ ತಂತಿ

ತನಿಖಾ ನ್ಯಾಯಾಧೀಶ ದ್ಯುಕ್ರೋ ಹಾಳೆಯನ್ನು ಮೇಜಿನ ಮೇಲೆ ನನ್ನ ಕಡೆಗೆ ತಳ್ಳಿ, ಕೊನೆಯ ಸಾಲಿನ ಮೇಲೆ ಬೆರಳಿಟ್ಟ.

"ನೀವೇ ಬರ್ಕೊಂಡಿದ್ದು ಮೇಡಂ. ಗಟ್ಟಿಯಾಗಿ ಓದಿ."

ಮೂವತ್ತು ದಾಟಿರದ ಹುಡುಗ. ಪ್ಯಾರಿಸ್ಸಿನಿಂದ ಬಂದು ಇನ್ನೂ ವರ್ಷ ತುಂಬಿಲ್ಲ. ಶಾಲೆಯಲ್ಲಿ ಮಗ್ಗಿ ತಪ್ಪಿದವಳನ್ನು ನಿಲ್ಲಿಸಿದ ಹಾಗೆ ನನ್ನನ್ನು ನಿಲ್ಲಿಸಿದ್ದ. ಓದಿದೆ. ಅನ್ಸೆಲ್ಮ್ ಶಾಬ್ರೋಲನ ತಂಗಿ ಫೆರ್ನಾಂದ್ ಕೊಟ್ಟ ಹೇಳಿಕೆ ಅದು: ‘ದಿನೇಗೆ ಬರುವಾಗ ತಂತಿ ಬಿಚ್ಚಿಯೇ ಬರುತ್ತೇನೆ ಎಂದು ಅಣ್ಣ ಬೆಳಿಗ್ಗೆ ಹೇಳಿ ಹೋದ.’

"ದಿನೇ ಅಂದ್ರೆ ರಾತ್ರಿ ಊಟ. ಲೂದೋವಿಕ್ ಪ್ರಾ ಸತ್ತಿದ್ದು ಸಂಜೆ ಐದಕ್ಕೆ. ಆಗ ತಂತಿ ಕಟ್ಟೇ ಇತ್ತು ಅಂತ ಅವನ ಸ್ವಂತ ತಂಗೀನೇ ಹೇಳ್ತಿದ್ದಾಳೆ. ಇನ್ನೇನು ಬೇಕು ನಿಮಗೆ?"

ಗುರುವಾರ ಸಂಜೆ ವೆರ್ನಾಡಿನ ಇಳಿಜಾರಿನ ಜಲ್ಲಿ ದಾರಿಯಲ್ಲಿ, ಅಡ್ಡ ಕಟ್ಟಿದ ತಂತಿಗೆ ಸೈಕಲ್ ಸಿಕ್ಕಿ, ಲೂದೋವಿಕ್ ಹಾರಿ ಸೇತುವೆಯ ಕಲ್ಲಿಗೆ ತಲೆ ಬಡಿದುಕೊಂಡು ಸತ್ತಿದ್ದ. ತಂತಿ ಅನ್ಸೆಲ್ಮನದು. ಮುದುಕ ಅಂದಿನಿಂದ ನನ್ನ ಠಾಣೆಯ ಕೋಣೆಯಲ್ಲಿ ಕೂತಿದ್ದ, ಒಂದು ಮಾತೂ ಆಡಿರಲಿಲ್ಲ. ದ್ಯುಕ್ರೋ ಸಹಿ ಹಾಕಿದರೆ ಸಂಜೆಯೊಳಗೆ ಆತ ಲಿಮೋಜಿನ ಜೈಲಿಗೆ ಹೋಗಬೇಕು. ಅವನ ಕೆಂಪು ಹಸುಗಳು ಸಂತೆಗೆ ಹೋಗಬೇಕು. ಆ ವಯಸ್ಸಿನವನು ಅಲ್ಲಿಂದ ಮತ್ತೆ ಹೊರಗೆ ಬರುವುದು ಸುಳ್ಳು.

ಆಗ ಹೊಳೆಯಿತು. ಹೊಳೆದದ್ದು ಎಷ್ಟು ಸಣ್ಣ ವಿಷಯವೆಂದರೆ, ಇಷ್ಟು ಹೊತ್ತು ನನಗೇಕೆ ಕಾಣಲಿಲ್ಲ ಎಂದು ನಾಚಿಕೆಯಾಯಿತು.

"ಸ್ವಾಮಿ, ನಿಮ್ಮೂರಲ್ಲಿ ದಿನೇ ರಾತ್ರಿ ಊಟ ಇರ್ಬಹುದು. ನಮ್ಮ ಗುಡ್ಡದಲ್ಲಿ ದಿನೇ ಅಂದ್ರೆ ಮಧ್ಯಾಹ್ನದ ಊಟ. ರಾತ್ರಿ ಊಟಕ್ಕೆ ಸುಪೇ ಅಂತೀವಿ."

ಆತ ನಕ್ಕ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವಳು ನಾನಲ್ಲ, ಬೇಕಾದರೆ ಯಾರನ್ನಾದರೂ ಕೇಳಿ ನೋಡಿ ಎಂದೆ. ಆತ ಅಲ್ಲೇ ವೆರ್ನಾಡಿನ ಮೇಯರಿಗೆ ಫೋನು ಹಚ್ಚಿ, ನೀವು ದಿನೇ ಎಷ್ಟು ಹೊತ್ತಿಗೆ ಮಾಡ್ತೀರಿ ಎಂದು ಕೇಳಿದ. ಹನ್ನೆರಡಕ್ಕೆ, ಯಾಕೆ, ಬರ್ತೀರಾ, ಮೊಲದ ಸಾರು ಇದೆ ಎಂದು ಮೇಯರ್ ಹೇಳಿದ್ದು ನನಗೂ ಕೇಳಿಸಿತು.

ಫೋನು ಇಟ್ಟ ಮೇಲೂ ಆತ ಸೋಲಲಿಲ್ಲ. ಸೋಲುವುದು ಅವನ ಓದಿನಲ್ಲಿ ಇರಲಿಲ್ಲವೇನೋ.

"ಈ ಫೆರ್ನಾಂದ್ ಕೂಡ ಹಾಗೇ ಮಾತಾಡ್ತಾಳಾ? ಅವಳನ್ನ ಕೇಳಿದ್ರಾ?"

"ಕೇಳೋದೇನು? ಆ ಮನೇಲೇ ಹುಟ್ಟಿದೋಳು."

"ಹಾಗಾದ್ರೆ ಅನ್ಸೆಲ್ಮ್ ಮಧ್ಯಾಹ್ನ ತಂತಿ ಬಿಚ್ಚಿದ. ಸಂಜೆಗೆ ಅದನ್ನ ಮತ್ತೆ ಕಟ್ಟಿದೋರು ಯಾರು? ಅವನನ್ನ ತೋರಿಸಿ, ಮುದುಕನ್ನ ಮನೆಗೆ ಕಳಿಸ್ತೀನಿ."

ಕಾರಿನ ಬಾಗಿಲು ಒಳಗಿದ್ದ ಅವನಿಗೆ ಕೇಳಿಸುವಷ್ಟು ಜೋರಾಗಿ ಹಾಕಿಕೊಂಡು ಹೊರಟೆ.

ನಮ್ಮ ಕಡೆ ದಾರಿಗೆ ತಂತಿ ಕಟ್ಟುವುದು ತಪ್ಪಲ್ಲ. ಒಂದು ಹುಲ್ಲುಗಾವಲಿಂದ ಎದುರಿನ ಹುಲ್ಲುಗಾವಲಿಗೆ ಹಸು ದಾಟಿಸಬೇಕಾದರೆ ಇಳಿಜಾರಿನ ಮೇಲ್ಗಡೆ ಒಂದು, ಸ್ವಲ್ಪ ಕೆಳಗಡೆ ಇನ್ನೊಂದು ತಂತಿ ದಾರಿಗೆ ಅಡ್ಡ ಕಟ್ಟುತ್ತಾರೆ. ನಡುವೆ ಓಣಿಯಾಗುತ್ತದೆ, ಹಸು ದಾರಿ ಹಿಡಿದು ಓಡುವುದಿಲ್ಲ. ಇಳಿಜಾರಿನ ಮೇಲಿಂದ ಬರುವವರಿಗೆ ಕಾಣಲಿ ಎಂದು ಮೇಲಿನ ತಂತಿಗೆ ಗೊಬ್ಬರದ ಬಿಳಿ ಚೀಲ ಕಟ್ಟುತ್ತಾರೆ. ಚೀಲ ಕಟ್ಟದವನನ್ನು ಊರಿನಲ್ಲಿ ಯಾರೂ ಮಾತಾಡಿಸುವುದಿಲ್ಲ.

ಗುರುವಾರ ನಾವು ಹೋದಾಗ ಕೆಳಗಿನ ತಂತಿ ಮಾತ್ರ ಇತ್ತು. ಬರಿಯ ತಂತಿ. ಮೇಲಿನದು ಸುರುಳಿಯಾಗಿ ಗೂಟದ ಮೇಲೆ ತೂಗುತ್ತಿತ್ತು. ಬಿಳಿ ಚೀಲ ಎಲ್ಲೂ ಸಿಗಲಿಲ್ಲ.

ಅನ್ಸೆಲ್ಮ್ ಒಂದು ತಂತಿ ಬಿಚ್ಚಿ ಇನ್ನೊಂದನ್ನು ಮರೆಯುವ ಜಾತಿಯವನಲ್ಲ. ನನ್ನ ಅಪ್ಪ ಕಾಲು ಮುರಿದುಕೊಂಡು ಮಲಗಿದ್ದ ವರ್ಷ ನಮ್ಮ ಹುಲ್ಲನ್ನು ಕೊಯ್ದು ಕೊಟ್ಟಿಗೆಗೆ ತುಂಬಿಸಿ, ಬಾಗಿಲ ಚಿಲಕ ಹಾಕಿದ್ದನ್ನೂ ಎರಡು ಸಲ ನೋಡಿ ಹೋದವನು. ಅವನಿಗೆ ಸೈಕಲ್ಲಿನವರನ್ನು ಕಂಡರೆ ಆಗದು, ನಿಜ. ದಾರಿಯನ್ನೇ ಒಂದು ಸಲ ನೇಗಿಲು ಹೊಡೆದು ಆಲೂಗಡ್ಡೆ ಹಾಕಿದ್ದ. ಆದರೆ ಲೂದೋವಿಕ್ ಒಬ್ಬನನ್ನು ಮಾತ್ರ ಅಡುಗೆಮನೆಯೊಳಗೆ ಕೂರಿಸಿ ವೈನ್ ಕೊಡುತ್ತಿದ್ದ. ಅವನನ್ನೇ ಕೊಲ್ಲುತ್ತಾನೆಯೇ?

ದಾರಿಯಲ್ಲಿ ಶಾಬ್ರೋಲರ ಕೊಟ್ಟಿಗೆ ಸಿಕ್ಕಿತು. ಫೆರ್ನಾಂದ್ ಪ್ಯಾರಿಸ್ಸಿನಿಂದ ತಂದ ಕಪ್ಪು ಕೋಟು ತೊಟ್ಟೇ ಸಗಣಿಯ ನಡುವೆ ನಿಂತು ಹಸುಗಳಿಗೆ ಹುಲ್ಲು ಎಸೆಯುತ್ತಿದ್ದಳು. ನಲವತ್ತು ವರ್ಷ ಅಲ್ಲಿ ದೊಡ್ಡವರ ಕಟ್ಟಡವೊಂದರ ಬಾಗಿಲು ಕಾದು, ನಿವೃತ್ತಿಯಾದ ಮೇಲೆ ಅಣ್ಣನ ಮನೆಗೆ ಬಂದಿದ್ದಳು. ನಾನು ಕೈ ಎತ್ತಿದೆ. ಆಕೆ ನೋಡಿದಳು, ಕೈ ಎತ್ತಲಿಲ್ಲ.

ಹಳೇ ಶಾಲೆಯ ಅಂಗಳದಲ್ಲಿ ಜಾತ್ರೆಯೇ ನೆರೆದಿತ್ತು. ಮರುದಿನ ಭಾನುವಾರ ಜಲ್ಲಿ ದಾರಿಗಳ ದೊಡ್ಡ ಸೈಕಲ್ ಓಟ. ನಾನೂರು ಜನ ಹೆಸರು ಕೊಟ್ಟಿದ್ದರು. ಡೇರೆ, ಕೆಸರು ಮೆತ್ತಿದ ದಪ್ಪ ಟೈರುಗಳು, ಕೆಂಡದ ಮೇಲೆ ಸಾಸೇಜು. ಎಲ್ಲರ ತೋಳಿಗೂ ಕಪ್ಪು ಪಟ್ಟಿ. ನನ್ನ ಸಮವಸ್ತ್ರ ಕಂಡ ಕೂಡಲೇ ಮಾತು ನಿಂತಿತು. ಒಬ್ಬಳು ನನಗೆ ಕೇಳಿಸಲೆಂದೇ, ಕೊಲೆಗಾರನಿಗೆ ಕಾಫಿ ಕಾಯಿಸಿ ಕೊಡುವ ಠಾಣೆ ಇವಳದೇ ಎಂದಳು.

ಎಮೆರಿಕ್ ದೊಶೆ ಗೋಡೆಯ ಪಕ್ಕ ಸೈಕಲ್ಲಿಗೆ ನೀರು ಹೊಡೆಯುತ್ತಿದ್ದ. ಲಿಲ್ ಪಟ್ಟಣದವನು. ಬಂದು ಎಂಟು ವರ್ಷವಾಯಿತು. ಶಾಲೆ ಕೊಂಡು ತಂಗುಮನೆ ಮಾಡಿದ. ನಮ್ಮ ಹಳೆಯ ಬಂಡಿ ದಾರಿಗಳನ್ನೆಲ್ಲ ಫೋನಿನ ನಕ್ಷೆಯಲ್ಲಿ ಕೂಡಿಸಿ, ಅವಕ್ಕೆ ಚೆಂದದ ಹೆಸರಿಟ್ಟು, ಬೆಲ್ಜಿಯಂನಿಂದ ಕೂಡ ಜನ ಕರೆಸಿದ. ಲೂದೋವಿಕ್ ಅವನ ಪಾಲುದಾರ. ನಾನು ಎದುರು ನಿಂತರೂ ಎಮೆರಿಕ್ ನೀರು ನಿಲ್ಲಿಸಲಿಲ್ಲ. ಕೆಸರು ನೀರು ನನ್ನ ಬೂಟಿನ ಮೇಲೆ ಹರಿಯಿತು.

"ನಮ್ಮ ದಾರೀಲಿ ಮೊಳೆ ಚೆಲ್ಲಿದಾಗ ಕರೆದ್ರೆ ಬರಲಿಲ್ಲ ನೀವು. ಈಗ ಕರೀದೇ ಬಂದಿದ್ದೀರಿ."

"ಗುರುವಾರ ಮಧ್ಯಾಹ್ನ ಶಾಬ್ರೋಲನ ದಾರೀಲಿ ಹೋಗಿದ್ದೆ ಅಂದಿದ್ರಿ."

"ಮೂರು ಗಂಟೆಗೆ. ಎಷ್ಟು ಸಲ ಹೇಳ್ಬೇಕು?"

"ತಂತಿ?"

"ಎರಡೂ ಇತ್ತು. ಮೇಲಿನದಕ್ಕೆ ಬಿಳಿ ಚೀಲ. ದೂರದಿಂದ್ಲೇ ಕಾಣಿಸ್ತು. ಮುದುಕನ್ನ ಬೈಕೊಂಡು, ತಿರುಗಿಸ್ಕೊಂಡು ಟಾರು ರಸ್ತೇಲಿ ಬಂದೆ."

ಇದೇ ಮಾತನ್ನು ಆತ ಮೊದಲ ದಿನವೂ ಹೇಳಿದ್ದ. ಆವತ್ತು ಅದರಲ್ಲಿ ಏನೂ ಕಂಡಿರಲಿಲ್ಲ. ಇವತ್ತು ಕೇಳಿ ಖುಷಿಯಾಯಿತು, ಮುಚ್ಚಿಡುವುದೇಕೆ.

"ಮಧ್ಯಾಹ್ನ ಹನ್ನೆರಡಕ್ಕೇ ಬಿಚ್ಚಿದ ತಂತಿ ಮೂರಕ್ಕೆ ನಿಮ್ಮೊಬ್ಬರ ಕಣ್ಣಿಗೆ ಹೇಗೆ ಬಿತ್ತು?"

ಆತ ನೀರು ನಿಲ್ಲಿಸಿದ.

"ಬಿಚ್ಚಿದ್ದ ಅಂತ ಯಾರು ಹೇಳಿದ್ದು? ಆ ಮುದುಕನಾ?"

"ಅವನು ಬಾಯೇ ಬಿಟ್ಟಿಲ್ಲ. ಅವನ ತಂಗಿ ಹೇಳಿದ್ದು."

"ಫೆರ್ನಾಂದಾ?" ಆತನಿಗೆ ನಿಜವಾಗಿ ಆಶ್ಚರ್ಯವಾದಂತೆ ಕಂಡಿತು. "ನಿಮ್ಮೂರಲ್ಲಿ ನನ್ನ ಹತ್ರ ಮನುಷ್ಯರ ಥರ ಮಾತಾಡೋಳು ಅವಳೊಬ್ಬಳೇ. ಅವಳು ಹಾಗೆ ಹೇಳಿರಲ್ಲ. ನೀವು ತಪ್ಪು ಕೇಳಿಸ್ಕೊಂಡಿದ್ದೀರಿ."

ಕಳ್ಳರು ಯಾವಾಗಲೂ ಪೊಲೀಸಿನವರ ಕಿವಿಯ ಮೇಲೇ ತಪ್ಪು ಹೊರಿಸುತ್ತಾರೆ. ನಾನು ಆ ಮಾತನ್ನು ಅಲ್ಲಿಗೇ ಬಿಟ್ಟೆ. ತಂತಿ ಕಂಡ ಮೇಲೆ ಲೂದೋವಿಕ್‌ಗೆ ಯಾಕೆ ತಿಳಿಸಲಿಲ್ಲ, ಸಂಜೆ ಆತ ಅದೇ ದಾರಿ ನೋಡಿ ಬರಲು ಹೋಗುತ್ತಾನೆಂದು ಗೊತ್ತಿರಲಿಲ್ಲವೇ ಎಂದು ಕೇಳಿದೆ. ಗೊತ್ತಿತ್ತು ಎಂದ. ಇಬ್ಬರಿಗೂ ಮಾತು ನಿಂತು ಒಂದು ವಾರವಾಗಿತ್ತಂತೆ.

"ಯಾಕೆ ನಿಂತಿತ್ತು, ನಾನು ಹೇಳ್ಲಾ? ಓಟ ನಿನ್ನ ದಾರೀಲಿ ಬರಲ್ಲ ಅಂತ ಲೂದೋವಿಕ್ ಅನ್ಸೆಲ್ಮನಿಗೆ ಮಾತು ಕೊಟ್ಟಿದ್ದ. ನೀವು ಹಿಂದಿನಿಂದ ಆ ದಾರೀನ ಮತ್ತೆ ನಕ್ಷೆಗೆ ಸೇರಿಸಿದ್ರಿ."

"ಅದು ಸಾರ್ವಜನಿಕ ದಾರಿ. ಅವನಪ್ಪನ ಅಂಗಳ ಅಲ್ಲ."

"ಲೂದೋವಿಕ್ ಬದುಕಿದ್ದಿದ್ರೆ ಇವತ್ತು ಅದನ್ನ ತೆಗೆಸ್ತಿದ್ದ."

"ತೆಗೆಸ್ತಿದ್ದ. ಅದಕ್ಕೆ ನಾನು ಕೊಂದೆ ಅಂತೀರಾ? ಎಂಟು ವರ್ಷ ಒಟ್ಟಿಗೆ ಸೈಕಲ್ ತುಳಿದೋನು ಅವನು."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂದುಕೊಂಡೆ. ಕೊಲೆ ಎಂಬ ಮಾತನ್ನು ನಾನಿನ್ನೂ ಆಡಿರಲಿಲ್ಲ. ಠಾಣೆಗೆ ಬನ್ನಿ ಎಂದಾಗ ಸುತ್ತ ನಿಂತವರು ಕಾರಿನ ಮುಂದೆ ಸಾಲಾಗಿ ಸೈಕಲ್ ಅಡ್ಡ ಮಲಗಿಸಿದರು. ಯಾರೋ ಉಗಿದರು. ಎಮೆರಿಕ್ಕನೇ ಅವರನ್ನು ಸರಿಸಿ ಹಿಂದಿನ ಸೀಟಿನಲ್ಲಿ ಕೂತ. ದಾರಿಯುದ್ದಕ್ಕೂ ಒಂದೇ ಸಲ ಮಾತಾಡಿದ.

"ಬಿಳಿ ಚೀಲ ಇತ್ತು ಮೇಡಂ. ಮುದುಕನ್ನ ಬಿಟ್ಟು ಕಳಿಸ್ತೀರಿ ಅಂತಾದ್ರೆ ಒಂದು ನೆನಪಿಟ್ಕೊಳ್ಳಿ. ನಾಳೆ ಬೆಳಿಗ್ಗೆ ನಾನೂರು ಜನ ಅದೇ ಇಳಿಜಾರಲ್ಲಿ ಇಳೀತಾರೆ."

ದ್ಯುಕ್ರೋ ಫೋನಿನಲ್ಲಿ ಎಲ್ಲ ಕೇಳಿಸಿಕೊಂಡ. ಎರಡು ಸಲ ಕೆಮ್ಮಿದ. ಕೊನೆಗೆ, ನಿಮ್ಮ ದಿನೇ ಮೇಲೆ ನಂಬಿಕೆ ಇಟ್ಟು ಬಿಡುತ್ತಿದ್ದೇನೆ, ಹೆಚ್ಚುಕಡಿಮೆಯಾದರೆ ಬರವಣಿಗೆಯಲ್ಲಿರುವುದು ನಿಮ್ಮ ಹೆಸರು ಎಂದ. ಇರಲಿ ಎಂದೆ. ಅಷ್ಟು ಧೈರ್ಯ ಆಗ ನನಗಿತ್ತು.

ಕೋಣೆಯ ಬಾಗಿಲು ತೆಗೆದಾಗ ಅನ್ಸೆಲ್ಮ್ ಎದ್ದು ಟೋಪಿ ಹಾಕಿಕೊಂಡ. ಮನೆಗೆ ಹೋಗಬಹುದು ಎಂದರೂ ಮುಖದಲ್ಲಿ ಏನೂ ಕಾಣಲಿಲ್ಲ. ಬಂದ ದಿನದಿಂದ ಅವನ ಕಣ್ಣು ನನ್ನ ಮೇಲೆ ನಿಂತೇ ಇರಲಿಲ್ಲ, ಈಗಲೂ ನಿಲ್ಲಲಿಲ್ಲ. ಕಾಗದಕ್ಕೆ ಸಹಿ ಮಾಡಿಸಿ, ಕಾನ್‌ಸ್ಟೇಬಲ್ ಜೊತೆ ಕಳಿಸಲು ಹೇಳಿ ನಾನು ಮುಂಚೆಯೇ ಹೊರಟೆ. ಫೆರ್ನಾಂದ್‌ಗೆ ಸುದ್ದಿಯನ್ನು ನನ್ನ ಬಾಯಿಂದಲೇ ಹೇಳಬೇಕೆಂಬ ಆಸೆ. ಇಡೀ ಊರಲ್ಲಿ ಒಬ್ಬರಾದರೂ ನನ್ನನ್ನು ನೋಡಿ ಸಂತೋಷಪಡಲಿ ಎಂದು.

ಆ ಹೊತ್ತಿಗೆ ಬೆಳಕು ಇಳಿಯುತ್ತಿತ್ತು. ಅಂಗಳದಲ್ಲಿ ಚೆಸ್ಟ್‌ನಟ್ ಕಾಯಿ ಬಿದ್ದು ಕಾಲಿಗೆ ಸಿಗುತ್ತಿತ್ತು. ಫೆರ್ನಾಂದ್ ಅಡುಗೆಮನೆಯ ಮೇಜಿನ ಮುಂದೆ ಈರುಳ್ಳಿ ಕೊಚ್ಚುತ್ತಿದ್ದಳು. ಒಲೆಯ ಮೇಲೆ ಸೂಪು ಕುದಿಯುತ್ತಿತ್ತು. ಕೂತುಕೋ ಎನ್ನಲಿಲ್ಲ. ನಾನೇ ಅವಳ ಪಕ್ಕದ ಬೆಂಚಿನಲ್ಲಿ ಕೂತೆ.

"ನಿಮ್ಮ ಅಣ್ಣನ್ನ ಬಿಟ್ಟಿದ್ದಾರೆ. ಈಗ ಹಿಂದೇನೇ ಬರ್ತಿದ್ದಾನೆ."

ಚಾಕು ನಿಂತಿತು. ಆಕೆ ಕಿಟಕಿಯ ಕಡೆ ನೋಡಿದಳು, ಆಮೇಲೆ ಗಡಿಯಾರದ ಕಡೆ. ಎದ್ದು ಗೋಡೆಯ ಗೂಡಿನಿಂದ ಇನ್ನೊಂದು ತಟ್ಟೆ ತೆಗೆದಳು.

"ಹಾಗಾದ್ರೆ ದಿನೇಗೆ ಬಂದ್ಬಿಡ್ತಾನೆ ಅನ್ನು."

ತಟ್ಟೆಯನ್ನು ಒರೆಸಿ ಮೇಜಿನ ಮೇಲಿಟ್ಟಳು. ನಾನು ಆ ತಟ್ಟೆಯನ್ನೇ ನೋಡುತ್ತಾ ಕೂತೆ.

"ಏನಂದ್ರಿ?"

"ದಿನೇಗೆ ಬರ್ತಾನೆ ಅಂದೆ. ಕಿವಿ ಕೇಳ್ಸಲ್ವಾ?"

"ಮಧ್ಯಾಹ್ನದ ಊಟಕ್ಕೆ ಏನಂತೀರಿ ಫೆರ್ನಾಂದ್?"

"ದೆಜೂನೇ. ಮತ್ತಿನ್ನೇನಂತಾರೆ? ನಲವತ್ತು ವರ್ಷ ಪ್ಯಾರಿಸ್ಸಲ್ಲಿದ್ದು ಈ ಗುಗ್ಗುಗಳ ಥರ ಮಾತಾಡ್ಲಾ?"

ಆ ಪ್ಯಾರಿಸ್ ಹುಡುಗ ಸರಿಯಾಗಿಯೇ ಓದಿದ್ದ. ಅವಳನ್ನು ಕೇಳಿದ್ರಾ ಎಂದೂ ಕೇಳಿದ್ದ. ಊರಿನ ಮಾತು ನನಗೆ ಗೊತ್ತು ಎಂಬ ಸೊಕ್ಕಿನಲ್ಲಿ ನಾನು ಕೇಳಿರಲಿಲ್ಲ.

ಫೆರ್ನಾಂದಳ ದಿನೇ ರಾತ್ರಿಯ ಊಟವಾದರೆ, ತಂತಿ ಮಧ್ಯಾಹ್ನ ಬಿಚ್ಚಿರಲಿಲ್ಲ. ಎಮೆರಿಕ್ ಮೂರು ಗಂಟೆಗೆ ಕಂಡದ್ದು ನಿಜ. ಎರಡು ತಂತಿ, ಒಂದು ಬಿಳಿ ಚೀಲ. ಆಮೇಲೆ ಐದು ಗಂಟೆಯೊಳಗೆ ಯಾರೋ ಚೀಲವಿದ್ದ ಮೇಲಿನ ತಂತಿಯನ್ನು ಬಿಚ್ಚಿ, ಸುರುಳಿ ಸುತ್ತಿ ಗೂಟಕ್ಕೆ ಹಾಕಿ, ಚೀಲವನ್ನು ಮಾಯ ಮಾಡಿ, ಕಣ್ಣಿಗೆ ಕಾಣದ ಕೆಳಗಿನ ತಂತಿಯನ್ನು ಹಾಗೇ ಬಿಟ್ಟಿದ್ದಾರೆ. ಮರೆತು ಅಲ್ಲ, ಬೇಕೆಂದೇ. ದಾರಿ ಮತ್ತೆ ನಕ್ಷೆಗೆ ಬಂದದ್ದು ಅನ್ಸೆಲ್ಮನಿಗೆ ತಿಳಿದಿದ್ದರೆ, ಅವನ ಕಣ್ಣಿಗೆ ಮಾತು ತಪ್ಪಿದವನು ಲೂದೋವಿಕ್ಕನೇ.

ಆದರೂ ಒಂದು ಎಳೆ ಉಳಿದಿತ್ತು. ಅನ್ಸೆಲ್ಮ್ ಈ ಗುಡ್ಡ ಬಿಟ್ಟು ಹೋದವನಲ್ಲ. ಅವನ ಬಾಯಲ್ಲಿ ಮಧ್ಯಾಹ್ನದ್ದು ದಿನೇ, ರಾತ್ರಿಯದು ಸುಪೇ. ಆವತ್ತು ಬೆಳಿಗ್ಗೆ ಅವನು ಆಡಿದ ಮಾತನ್ನು ಆಕೆ ಹಾಗೆಯೇ ನನಗೆ ಒಪ್ಪಿಸಿದ್ದರೆ ಅವನು ನಿರಪರಾಧಿ. ಅವನು ಸುಪೇ ಎಂದದ್ದನ್ನು ಆಕೆ ತನ್ನ ಪ್ಯಾರಿಸ್ ಮಾತಿಗೆ ತಿರುಗಿಸಿ ಹೇಳಿದ್ದರೆ, ಕೊಲೆಗಾರನನ್ನು ನನ್ನ ಕೈಯಾರೆ ಬಿಟ್ಟು ಕಳಿಸಿದ್ದೆ.

"ಫೆರ್ನಾಂದ್, ಇಲ್ಲಿ ನೋಡಿ. ಗುರುವಾರ ಬೆಳಿಗ್ಗೆ ನಿಮ್ಮ ಅಣ್ಣ ಏನಂದ? ನಿಮ್ಮ ಮಾತಲ್ಲಿ ಬೇಡ. ಅವನ ಬಾಯಲ್ಲಿ ಬಂದ ಮಾತೇ ಹೇಳಿ. ದಿನೇಗೆ ಅಂದ್ನಾ, ಸುಪೇಗೆ ಅಂದ್ನಾ?"

ಆಕೆ ತಟ್ಟೆ ಒರೆಸಿದ ಬಟ್ಟೆ ಕೆಳಗಿಟ್ಟಳು. ನಾನು ಯಾಕೆ ಕೇಳುತ್ತಿದ್ದೇನೆಂದು ಆಕೆಗೆ ತಕ್ಷಣ ಅರ್ಥವಾಯಿತು. ಅದಕ್ಕಿಂತ ಹೆಚ್ಚಾಗಿ, ನಾನು ಏನು ಮಾಡಿದ್ದೇನೆ ಎಂಬುದೂ ಅರ್ಥವಾಯಿತು.

"ಅದಕ್ಕೆ ಬಿಟ್ರಾ ಅವನನ್ನ?" ಎಂದಳು. "ನಾನು ಅಷ್ಟು ಕಷ್ಟಪಟ್ಟು ಹೇಳಿದ್ನಲ್ಲೇ, ಒಡಿಲ್. ಅಷ್ಟು ಹೇಳೋಕೆ ನನಗೆ ಎಷ್ಟು ಧೈರ್ಯ ಬೇಕಾಗಿತ್ತು ಗೊತ್ತಾ ನಿನಗೆ?"

ಹೊರಗೆ ಕಾರು ನಿಂತ ಸದ್ದು. ಬಾಗಿಲು ಹಾಕಿಕೊಂಡಿತು. ಕಾರು ತಿರುಗಿ ಹೊರಟು ಹೋಯಿತು. ಹೊಸಿಲ ಹೊರಗೆ ಯಾರೋ ನಿಧಾನವಾಗಿ ಬೂಟಿನ ಮಣ್ಣು ಕೆರೆಯುತ್ತಿದ್ದರು.

"ಅವನಂದದ್ದು ಯಾವ ಮಾತು, ಫೆರ್ನಾಂದ್?"

"ಅವನ ಮುಂದೆ ಕೇಳ್ಬೇಡ," ಎಂದು ಉಸಿರಿನಲ್ಲೇ ಹೇಳಿದಳು. ಗಬಕ್ಕನೆ ಬಂದು ನನ್ನ ಪಕ್ಕ ಕೂತು ಮತ್ತೆ ಚಾಕು ಹಿಡಿದಳು.

ಬಾಗಿಲು ತೆರೆಯಿತು. ಅನ್ಸೆಲ್ಮ್ ಬಗ್ಗಿ ಒಳಗೆ ಬಂದ. ನನ್ನನ್ನು ನೋಡಿದ. ಗುರುವಾರದಿಂದ ಇದೇ ಮೊದಲ ಸಲ ನೇರವಾಗಿ ನೋಡಿದ್ದು. ತಂಗಿಯನ್ನು ನೋಡಿದ, ಮೇಜಿನ ಮೇಲಿದ್ದ ತಟ್ಟೆಗಳನ್ನು ನೋಡಿದ. ಟೋಪಿ ತೆಗೆದು ಮೊಳೆಗೆ ಹಾಕಿ, ಬಾಗಿಲ ಚಿಲಕ ಹಾಕಿ, ಹಾಕಿದ್ದನ್ನು ಒಮ್ಮೆ ಎಳೆದು ನೋಡಿ, ಇನ್ನೊಮ್ಮೆ ಎಳೆದು ನೋಡಿದ.

"ಸುಪೇ ತಯಾರಾ?" ಎಂದ. ಮೂರು ದಿನದಲ್ಲಿ ಅವನಾಡಿದ ಮೊದಲ ಮಾತು.

ಈ ಗುಗ್ಗುಗಳ ಥರ ಮಾತಾಡ್ಲಾ ಎಂದು ಈಗಷ್ಟೇ ನನ್ನನ್ನು ಕೇಳಿದ್ದ ಫೆರ್ನಾಂದ್, ತಲೆ ಎತ್ತದೆ, ಪಾಠ ಒಪ್ಪಿಸುವ ಹುಡುಗಿಯ ಹಾಗೆ ಉತ್ತರ ಕೊಟ್ಟಳು.

"ಸುಪೇ ತಯಾರು, ಅಣ್ಣ."

ಮೇಜಿನ ಕೆಳಗೆ ಆಕೆಯ ಕೈ ನನ್ನ ತೋಳನ್ನು ಬಿಗಿಯಾಗಿ ಹಿಡಿದಿತ್ತು.